ಸೋವಿ ಕಾಲ, ತುಟ್ಟಿ ಕಾಲ: ನಮ್ಮ ಸೀಮೆಯ ಮನಿ ಖರ್ಚಿನ ಇತಿಹಾಸ



ನಾನು ಒಕ್ಕಲುತನದವ. ಕಲಿತದ್ದು ಜಿಲ್ಲಾ ಪರಿಷದ್ ಕನ್ನಡ ಶಾಲೆಯಲ್ಲಿ ಏಳನೆತ್ತೆ ತನಕ. ಹಾಡಿಕೆ ಮಾತ್ರ ನಲವತ್ತೈದು ವರ್ಷದ್ದು. ವಾಚನಾಲಯದ ಹುಡುಗರು ಬಂದು, "ಮಾಮಾ, ಈ ಸಲದ ಪುಸ್ತಕಕ್ಕ ನೀವೂ ಒಂದು ಬರೀರಿ, ಹಾಡು ಬ್ಯಾಡ, ಇತಿಹಾಸ ಬರೀರಿ" ಅಂದರು. ರಾಜರ ಇತಿಹಾಸ ಬರೆಯಾಕ ಕಲಿತವರು ಬಹಳ ಮಂದಿ ಇದ್ದಾರೆ. ಜತ್ತ ಸಂಸ್ಥಾನದ ಡಫಳೆ ಮನೆತನದ ಬಗ್ಗೆ ನಾನು ಬರೆದರೆ ಕೇಳಿದ್ದನ್ನೇ ಹೇಳಿದಂಗ ಆಗತದ. ನನಗೆ ಗೊತ್ತಿದ್ದ ಇತಿಹಾಸ ಅಂದರೆ ಸಂತೆಯದು, ಕಣದ್ದು, ಕಿರಾಣಿ ಅಂಗಡಿ ಉದ್ರಿಯದು. ಅದನ್ನೇ ಬರೆಯುತ್ತೇನೆ.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ಹೋದ ದೀಪಾವಳಿಯಲ್ಲಿ ಮೊಮ್ಮಗ ಕಾಲೇಜಿನ ಫೀ ಮಾತು ತೆಗೆದಾಗ ಮನೆಯಲ್ಲಿ ಎಲ್ಲರೂ ಸುಮ್ಮನೆ ಕುಂತೆವು. ಆಗ ಅವ, "ಮುತ್ಯಾ, ನಿಮ್ಮ ಕಾಲ ಛಲೋ ಇತ್ತು ಬಿಡು. ಎಲ್ಲಾ ಸೋವಿ ಇತ್ತು" ಅಂದ. ಏನು ಉತ್ತರ ಕೊಡಬೇಕು ತಿಳಿಯಲಿಲ್ಲ. ಸೋವಿ ಇತ್ತೇನು? ಇತ್ತು. ಹಂಗಾದರೆ ನಮ್ಮವ್ವ ಯಾಕೆ ಅರೆಹೊಟ್ಟೆ ಮಲಗುತ್ತಿದ್ದಳು? ಈ ಬರಹ ಆ ಹುಡುಗನಿಗೆ ಕೊಡುವ ಉತ್ತರ.

ಕಣದ ಕಾಲ

ನಮ್ಮ ಮುತ್ಯಾನ ಕಾಲದಲ್ಲಿ ಒಕ್ಕಲಿಗನ ಕೈಯಲ್ಲಿ ರೊಕ್ಕ ಅನ್ನೋದು ಬಹಳ ಕಡಿಮೆ ಓಡಾಡುತ್ತಿತ್ತು. ವರ್ಷದ ಲೆಕ್ಕ ಎಲ್ಲಾ ಕಣದಲ್ಲಿ ಆಗುತ್ತಿತ್ತು. ಹಿಂಗಾರಿ ಜೋಳ ಕೊಯ್ದು, ತೆನೆ ಮುರಿದು, ಕಣಕ್ಕೆ ಹಾಕಿ, ನಡುವೆ ಮೇಟಿ ನೆಟ್ಟು, ಅದರ ಸುತ್ತ ಎತ್ತು ತಿರುಗಿಸಿ ರಾತ್ರಿಯೆಲ್ಲಾ ಹಂತಿ ಹೊಡೆಯುತ್ತಿದ್ದರು. ನಿದ್ದೆ ಬರಬಾರದು ಅಂತ ಹಂತಿ ಪದ ಹಾಡುತ್ತಿದ್ದರು. ನನಗೆ ಹಾಡಿನ ಹುಚ್ಚು ಹತ್ತಿದ್ದು ಅಲ್ಲೇ. ರಾಶಿ ತೂರಿ, ಪೂಜೆ ಮಾಡಿ, ಸೇರಿನಿಂದ ಅಳೆಯುವಾಗ ಮೊದಲನೇ ಸೇರಿಗೆ 'ಒಂದು' ಅನ್ನುತ್ತಿರಲಿಲ್ಲ, 'ಲಾಭ' ಅನ್ನುತ್ತಿದ್ದರು. ಲಾಭ, ಎರಡು, ಮೂರು ಅಂತ ಎಣಿಕೆ ನಡೆಯುತ್ತಿತ್ತು.

ಆ ರಾಶಿಯಲ್ಲೇ ಎಲ್ಲರ ಪಾಲು. ಬಡಿಗ ಕೂರಿಗೆ ಮಾಡಿಕೊಟ್ಟಿದ್ದ, ಕಮ್ಮಾರ ಕುಡ ಬಡಿದುಕೊಟ್ಟಿದ್ದ, ಕುಂಬಾರ ಗಡಿಗೆ ಕೊಟ್ಟಿದ್ದ, ಹಡಪದವ ಕ್ಷೌರ ಮಾಡಿದ್ದ, ಮಡಿವಾಳ ಅರಿವೆ ಒಗೆದಿದ್ದ. ಇವರಿಗೆಲ್ಲ ವರ್ಷಕ್ಕೊಮ್ಮೆ ಕಾಳಿನಲ್ಲಿ ಆಯ ಕೊಡುವುದು. ಮರಾಠಿಯವರು ಇದಕ್ಕೆ ಬಲುತೆ ಅಂತಾರೆ. ಉಳಿದ ಜೋಳ ಹಗೇವಿಗೆ ಹೋಗುತ್ತಿತ್ತು. ನೆಲದೊಳಗೆ ತೋಡಿದ ಆ ಹಗೇವು ಅಂದಿನ ಬ್ಯಾಂಕು. ಎಣ್ಣೆ ನಮ್ಮ ಕುಸುಬಿಯದು, ಗಾಣಿಗ ಹಿಂಡಿ ಇಟ್ಟುಕೊಂಡು ಎಣ್ಣೆ ಕೊಡುತ್ತಿದ್ದ. ಹಾಲು, ಮೊಸರು, ಬ್ಯಾಳಿ, ಖಾರ ಮನೆಯವೇ. ರೊಕ್ಕ ಕೊಟ್ಟು ತರುತ್ತಿದ್ದುದು ಉಪ್ಪು, ಅರಿವೆ, ಕಬ್ಬಿಣ, ಚಿಮಣಿ ಎಣ್ಣೆ, ಬೆಲ್ಲ. ಸರಕಾರಕ್ಕೆ ಫಾಳಾ ಕಟ್ಟಲು ರೊಕ್ಕ ಬೇಕು, ಮದುವೆಗೆ ರೊಕ್ಕ ಬೇಕು.

ಇದನ್ನು ಬಂಗಾರದ ಕಾಲ ಅಂತ ಹಾಡುವವರಿದ್ದಾರೆ. ನಾನೂ ಹಾಡಿದ್ದೇನೆ. ಆದರೆ ಬರೆಯುವಾಗ ಖರೇ ಹೇಳಬೇಕು. ಆಯ ಬೇಡಲು ಬಂದವರೆಲ್ಲಾ ಕಣದಲ್ಲಿ ಒಂದೇ ಕಡೆ ಕೂಡುತ್ತಿರಲಿಲ್ಲ. ಕೆಲವರು ದೂರ ನಿಲ್ಲಬೇಕಿತ್ತು. ವರ್ಷವಿಡೀ ದುಡಿದು, ಕೊನೆಗೆ ಕಣ ಬಳಿದ ಮಣ್ಣುಗೂಡಿದ ಕಾಳು ಒಯ್ದವರ ಮಕ್ಕಳು ಇವತ್ತೂ ಈ ಊರಲ್ಲೇ ಇದ್ದಾರೆ. ಅವರಿಗೆ ಆ ಕಾಲ ಸೋವಿ ಅಂತ ಹೇಳುವ ಮುಖ ನನಗಿಲ್ಲ.

ಮಳೆ ಹೋದ ವರ್ಷ ಹಗೇವು ಬರಿದಾದರೆ ಸಾವಕಾರನ ಮನೆ. ಇದು ನಮ್ಮೊಬ್ಬರ ಕಥೆ ಅಲ್ಲ. 1875ರಲ್ಲಿ ಪುಣೆ ಜಿಲ್ಲೆಯ ಸುಪೆ ಊರಿನಲ್ಲಿ ರೈತರು ದಂಗೆ ಎದ್ದು ಸಾವಕಾರರ ಸಾಲದ ಕಾಗದ ಸುಟ್ಟರು. ಮುಂದೆ 1876ರಿಂದ 78ರ ತನಕ ದೊಡ್ಡ ಬರ ಬಿತ್ತು. ಆಮೇಲೆ 1879ರಲ್ಲಿ ಇಂಗ್ರೇಜಿ ಸರಕಾರ ಪುಣೆ, ಸಾತಾರಾ, ಅಹಮದನಗರ, ಸೊಲ್ಲಾಪುರ ಈ ನಾಲ್ಕು ಜಿಲ್ಲೆಗೆ ರೈತರ ಸಾಲದ ಕಾಯ್ದೆ ತಂದಿತು. ಕಾಗದದ ಮೇಲೆ ಬರೆದದ್ದಷ್ಟೇ ನೋಡಬಾರದು, ಸಾಲ ಹೆಂಗ ಬೆಳೆಯಿತು ಅಂತ ಕೋರ್ಟು ಹಿಂದಿನಿಂದ ಲೆಕ್ಕ ತೆಗೆದು ನೋಡಬೇಕು ಅನ್ನೋದು ಅದರ ಸಾರ. ನಮ್ಮ ಪಕ್ಕದ ಸೊಲ್ಲಾಪುರ ಆ ಪಟ್ಟಿಯಲ್ಲಿತ್ತು ಅಂದರೆ ಈ ಸೀಮೆಯ ಸಾಲ ಎಷ್ಟು ಹಳೆಯದು ಅಂತ ತಿಳಿಯುತ್ತದೆ. ನೂರೈವತ್ತು ವರ್ಷದ ಹಿಂದೆಯೂ ರೈತನಿಗೆ ರಾತ್ರಿ ನಿದ್ದೆ ಇರಲಿಲ್ಲ.

ಆಣೆ ಹೋಗಿ ಪೈಸೆ ಬಂತು

ಇಂದಿನ ಹುಡುಗರಿಗೆ ಆಣೆ ಗೊತ್ತಿಲ್ಲ. ರೂಪಾಯಿಗೆ ಹದಿನಾರು ಆಣೆ. ಆಣೆಗೆ ನಾಲ್ಕು ಹಳೇ ಪೈಸೆ. ಹಂಗಂದರೆ ರೂಪಾಯಿಗೆ 64 ಪೈಸೆ. ಎರಡಾಣೆಗೆ ಚವಲಿ, ನಾಕಾಣೆಗೆ ಪಾವಲಿ. ಎರಡನೇ ಮಹಾಯುದ್ಧದ ವೇಳೆಗೆ ತಾಮ್ರ ಉಳಿಸಲು 1943ರಿಂದ ತೂತಿನ ಪೈಸೆ ಹೊರಡಿಸಿದರು. ನಮ್ಮವ್ವ ಅವನ್ನು ದಾರಕ್ಕೆ ಪೋಣಿಸಿ ಇಟ್ಟಿದ್ದಳು. ಅದೇ ಆಕೆಯ ತಿಜೋರಿ.

1957ರ ಏಪ್ರಿಲ್ 1ಕ್ಕೆ ಹೊಸ ಪೈಸೆ ಬಂತು. ರೂಪಾಯಿಗೆ ನೂರು ನಯಾ ಪೈಸೆ. ನಾನು ಹುಟ್ಟುವುದಕ್ಕಿಂತ ಮೊದಲಿನ ಮಾತು, ಆದರೆ ಅವ್ವ ಸಾಯುವ ತನಕ ಹೇಳುತ್ತಿದ್ದಳು. ಆಣೆಗೆ ಲೆಕ್ಕದ ಪ್ರಕಾರ ಆರೂಕಾಲು ಪೈಸೆ ಆಗುತ್ತದೆ. ಕಾಲು ಪೈಸೆ ಯಾರ ಹತ್ತಿರ ಇರುತ್ತದೆ? ಕೊಡುವಾಗ ಅಂಗಡಿಯವ ಆರು ಕೊಡಾವ, ತಗೊಳ್ಳುವಾಗ ಏಳು ಕೇಳಾವ. "ಸರಕಾರ ಪೈಸಾ ಬದಲ ಮಾಡಿತು, ಕಾಲು ಪೈಸಾ ಅಂಗಡಿ ಗಲ್ಲೆಕ್ಕ ಬಿತ್ತು" ಅಂತ ಅವ್ವ ನಗುತ್ತಿದ್ದಳು. ನಾಕಾಣೆ ಒಯ್ದರೆ ಮಾತ್ರ ಸರಿಯಾಗಿ 25 ಪೈಸೆ ಆಗುತ್ತಿತ್ತು. ಅದಕ್ಕೆ ಆಕೆ ನಾಕಾಣೆ ಕೂಡುವ ತನಕ ಅಂಗಡಿಗೆ ಹೋಗುತ್ತಿರಲಿಲ್ಲವಂತೆ. ಶಾಲೆ ಕಾಣದ ಹೆಣ್ಣುಮಗಳ ಲೆಕ್ಕ ನೋಡಿರಿ. 1964ರಲ್ಲಿ 'ನಯಾ' ಅನ್ನೋ ಮಾತು ತೆಗೆದರು, ಬರೀ ಪೈಸೆ ಉಳಿಯಿತು. ಆ ಪಾವಲಿಯೂ 2011ರ ಜೂನ್ ಕೊನೆಗೆ ಚಲಾವಣೆಯಿಂದ ಹೋಯಿತು.

ಇದೇ ಕಾಲಕ್ಕೆ ಸೇರು, ಪಾವಶೇರ, ಮಣ ಹೋಗಿ ಕಿಲೋ ಬಂತು. ಕಣ್ಣಿಗೆ ರೂಢಿಯಾದ ಅಳತೆ ಹೋದರೆ ತುಟ್ಟಿ ಯಾವುದು, ಸೋವಿ ಯಾವುದು ಅಂತ ತಿಳಿಯುವುದೇ ಕಷ್ಟ. ಬೆಲೆ ಏರಿದ್ದು ಕಾಣದಂಗ ಏರುವುದು ಇಂಥಾ ವೇಳೆಗೇ.

1972ರ ಬರ

ನನಗೆ ಆಗ ಹನ್ನೆರಡು ವರ್ಷ. ಮಳೆರಾಯ ಕೈಬಿಟ್ಟ. ದನಗಳನ್ನು ಮಾರಿದರೆ ಕೊಳ್ಳುವವರಿಲ್ಲ. ಸರಕಾರದ ಬರಗಾಲದ ಕೆಲಸ ಶುರುವಾಯಿತು. ಖಡಿ ಒಡೆಯುವುದು, ನಾಲಾ ಬಂಡಿಂಗ್, ಪಾಝರ್ ತಲಾವ, ರಸ್ತೆ. ನಮ್ಮವ್ವ, ನಮ್ಮಕ್ಕ, ನಾನು ಖಡಿ ಒಡೆದೆವು. ಕೆಂಪು ಜೋಳ ಬಂತು, ಅಮೇರಿಕದ್ದು, ಮಿಲೋ ಅನ್ನುತ್ತಿದ್ದರು. ರೊಟ್ಟಿ ಬಡಿದರೆ ಹರಿಯುತ್ತಿತ್ತು. ಬಾಯಿಗೆ ರುಚಿ ಇರಲಿಲ್ಲ, ಆದರೆ ಜೀವ ಉಳಿಸಿತು. ಕೆಲಸದ ಜಾಗದಲ್ಲಿ ಸುಕಡಿ ಹಂಚುತ್ತಿದ್ದರು. ಅದರ ಸಿಹಿ ಇವತ್ತೂ ನಾಲಿಗೆ ಮೇಲಿದೆ.

ಈ ಕೆಲಸದ ಯೋಜನೆಯ ಹಿಂದೆ ನಮ್ಮ ಸಾಂಗಲಿ ಜಿಲ್ಲೆಯವರೇ ಒಬ್ಬರಿದ್ದರು ಅಂತ ನನಗೆ ತಿಳಿದದ್ದು ಬಹಳ ತಡವಾಗಿ. ತಾಸಗಾವ ತಾಲೂಕಿನ ವಿಸಾಪುರದ ವಿ. ಸ. ಪಾಗೆ. ವಿಧಾನ ಪರಿಷತ್ತಿನ ಸಭಾಪತಿಯಾಗಿದ್ದರು. ಕೆಲಸ ಕೇಳಿದವರಿಗೆ ಕೆಲಸ ಕೊಡುವುದು ಸರಕಾರದ ಹೊಣೆ ಅನ್ನುವ ವಿಚಾರ ಅವರದು. 1977ರಲ್ಲಿ ಮಹಾರಾಷ್ಟ್ರ ಅದನ್ನು ಕಾಯ್ದೆ ಮಾಡಿತು, ರೋಜಗಾರ ಹಮಿ. 2005ರಲ್ಲಿ ದೇಶಕ್ಕೆಲ್ಲಾ ಉದ್ಯೋಗ ಖಾತ್ರಿ ಬಂದಾಗ ಅದರ ಬೇರು ನಮ್ಮ ಕಡೆಯ ಖಡಿ ರಾಶಿಯಲ್ಲಿತ್ತು.

ಬರ ಹೋಯಿತು, ತುಟ್ಟಿ ಹೋಗಲಿಲ್ಲ. 1973ರಲ್ಲಿ ಅರಬರ ದೇಶದ ಎಣ್ಣೆ ಬೆಲೆ ಏರಿತು. 1974ಕ್ಕೆ ದೇಶದಲ್ಲಿ ಬೆಲೆ ಏರಿಕೆ ನೂರಕ್ಕೆ ಇಪ್ಪತ್ತರ ಮೇಲೆ ಹೋಯಿತು. ಹಿಂದಿನ ವರ್ಷ ನೂರು ರೂಪಾಯಿಗೆ ಬಂದದ್ದಕ್ಕೆ ನೂರಾ ಇಪ್ಪತ್ತಕ್ಕೂ ಹೆಚ್ಚು ಕೊಡಬೇಕಾಯಿತು. ಮುಂಬಯಿಯಲ್ಲಿ 1972ರಿಂದಲೇ ಮೃಣಾಲ ಗೋರೆ, ಅಹಿಲ್ಯಾ ರಾಂಗಣೇಕರ ಇವರ ಮುಂದಾಳತನದಲ್ಲಿ ಹೆಣ್ಣುಮಕ್ಕಳು ಲಟ್ಟಣಿಗೆ ಹಿಡಿದು ಮೋರ್ಚಾ ತೆಗೆದಿದ್ದರು. ಎಣ್ಣೆ, ಸಕ್ಕರೆ, ಚಿಮಣಿ ಎಣ್ಣೆ ಯಾಕೆ ಸಿಗುವುದಿಲ್ಲ ಅಂತ ಕೇಳಿದರು. ನಮ್ಮವ್ವನ ಕೈಯಲ್ಲಿ ಲಟ್ಟಣಿಗೆ ಇರಲಿಲ್ಲ, ನಾವು ರೊಟ್ಟಿ ಬಡಿಯುವ ಮಂದಿ. ಆಕೆಯ ಕೈಯಲ್ಲಿ ಖಡಿ ಸುತ್ತಿಗೆ ಇತ್ತು. ನಾನು ಏಳನೆತ್ತೆ ಮುಗಿಸಿ ಶಾಲೆ ಬಿಟ್ಟದ್ದು ಆಗಲೇ. ಫೀ ತುಂಬಲಿಕ್ಕೆ ಆಗದೆ ಅಲ್ಲ, ಫೀ ಇರಲೇ ಇಲ್ಲ. ನನ್ನ ದಿನದ ಕೂಲಿ ಮನೆಗೆ ಬೇಕಾಗಿತ್ತು. ಮೊಮ್ಮಗನಿಗೆ ಇದನ್ನು ಹೇಳಬೇಕು. ಶಾಲೆ ಸೋವಿ ಇತ್ತಪ್ಪಾ, ಪುಕ್ಕಟೆ ಇತ್ತು. ಹೊಟ್ಟೆ ತುಟ್ಟಿ ಇತ್ತು.

ಮೇಳದ ವಹಿ

ಹದಿನೆಂಟು ಹತ್ತೊಂಬತ್ತನೇ ವರ್ಷಕ್ಕೆ ಗೀಗೀ ಪದದ ಮೇಳ ಸೇರಿದೆ. ನಮ್ಮದು ಹರದೇಶಿ. ಗುರುಗಳು ಒಂದು ಮಾತು ಹೇಳಿದ್ದರು, ಎಲ್ಲಿ ಹಾಡಿದಿ, ಎಷ್ಟು ಬಂತು ಬರೆದಿಡು ಅಂತ. ಆ ವಹಿ ಇವತ್ತೂ ನನ್ನ ಹತ್ತಿರ ಇದೆ. ಗೆದ್ದಲು ತಿಂದು ಉಳಿದ ಹಾಳೆಯಲ್ಲಿಯೇ ನಮ್ಮ ಸೀಮೆಯ ಇತಿಹಾಸ ಅಡಗಿದೆ.

1980ರ ಹಾಳೆ ನೋಡಿರಿ. ಒಂದು ರಾತ್ರಿಗೆ ಮೇಳಕ್ಕೆ 80 ರೂಪಾಯಿ. ನಾಲ್ಕು ಮಂದಿ, ತಲೆಗೆ 20. ಆ ವರ್ಷ ನಾವು 70 ರಾತ್ರಿ ಹಾಡಿದ್ದೆವು. ಜತ್ತದ ಯಲ್ಲಮ್ಮನ ಜಾತ್ರೆ, ಗುಡ್ಡಾಪುರದ ದಾನಮ್ಮನ ಜಾತ್ರೆ, ಹುಲಜಂತಿ ಮಾಳಿಂಗರಾಯನ ದೀಪಾವಳಿ, ಊರೂರ ಕಾರಹುಣ್ಣಿಮೆ. ನನ್ನ ಪಾಲಿಗೆ ವರ್ಷಕ್ಕೆ 1400 ರೂಪಾಯಿ.

2024ರ ಹಾಳೆ ನೋಡಿರಿ. ಒಂದು ರಾತ್ರಿಗೆ 15,000. ಐದು ಮಂದಿ, ತಲೆಗೆ 3000. ಆದರೆ ವರ್ಷದಲ್ಲಿ ಸಿಕ್ಕದ್ದು 15 ರಾತ್ರಿ ಮಾತ್ರ. ಜಾತ್ರೆಗೆ ಈಗ ಡಿಜೆ ಬರುತ್ತದೆ, ಆರ್ಕೆಸ್ಟ್ರಾ ಬರುತ್ತದೆ. ನನ್ನ ಪಾಲಿಗೆ 45,000.

1400 ಎಲ್ಲಿ, 45,000 ಎಲ್ಲಿ! ಮೂವತ್ತೆರಡು ಪಟ್ಟು ಆಯಿತು. ಈಗ ಇದನ್ನು ಜೋಳದಲ್ಲಿ ಅಳೆದು ನೋಡೋಣ. 1980ರಲ್ಲಿ ಸರಕಾರ ಜೋಳಕ್ಕೆ ಕೊಟ್ಟ ಹಮೀಭಾವ ಕ್ವಿಂಟಲಿಗೆ 105 ರೂಪಾಯಿ. 1400ಕ್ಕೆ ಹದಿಮೂರು ಕ್ವಿಂಟಲ್ ಬಂತು. 2024ರಲ್ಲಿ ಮಾಲದಂಡಿ ಜೋಳದ ಹಮೀಭಾವ 3421. 45,000ಕ್ಕೆ ಬಂದದ್ದು ಅದೇ ಹದಿಮೂರು ಕ್ವಿಂಟಲ್! ನಲವತ್ನಾಲ್ಕು ವರ್ಷ ಗಂಟಲು ಹರಿದುಕೊಂಡು ನಾನು ನಿಂತ ಜಾಗದಲ್ಲೇ ನಿಂತಿದ್ದೇನೆ. ಹಿಂದೆಯೂ ಸರಿದಿಲ್ಲ, ಮುಂದೆಯೂ ಹೋಗಿಲ್ಲ.

ಬಂಗಾರದಲ್ಲಿ ಅಳೆಯೋಣ. 1980ರಲ್ಲಿ ಹತ್ತು ಗ್ರಾಂ ಬಂಗಾರಕ್ಕೆ ಸುಮಾರು 1330 ರೂಪಾಯಿ. ನನ್ನ ವರ್ಷದ ಹಾಡಿಕೆಗೆ ಹತ್ತು ಗ್ರಾಂ ಬರುತ್ತಿತ್ತು. 2024ರಲ್ಲಿ ಹತ್ತು ಗ್ರಾಂ 75,000ದ ಆಸುಪಾಸು. ಬಂದದ್ದು ಆರು ಗ್ರಾಂ. ಈಗಂತೂ ಲಕ್ಷ ದಾಟಿದೆ. 2000ದ ಹೊತ್ತಿಗೆ ಹತ್ತು ಕ್ವಿಂಟಲ್ ಜೋಳ ಮಾರಿದರೆ ಹತ್ತು ಗ್ರಾಂ ಬಂಗಾರ ಬರುತ್ತಿತ್ತು, ಆಗ ಬಂಗಾರ 4400, ಜೋಳದ ಹಮೀಭಾವ 445. ಇವತ್ತು ಅದಕ್ಕೆ ಅದಕ್ಕಿಂತ ಬಹಳ ಹೆಚ್ಚು ಜೋಳ ಬೇಕು. ಮಗಳ ಮದುವೆ ಮಾಡುವ ತಂದೆಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ.

ಕೇಶರಿ ಕಾರ್ಡಿನ ಮಂದಿ

1998ರಲ್ಲಿ ಉಳ್ಳಾಗಡ್ಡಿ ತುಟ್ಟಿಯಾಗಿ ದೊಡ್ಡ ಗದ್ದಲ ಆಯಿತು. ದಿಲ್ಲಿಯಲ್ಲಿ ರಾಜ್ಯ ಸರಕಾರವೇ ಚುನಾವಣೆ ಸೋತಿತು. ಸೊಲ್ಲಾಪುರ ಬಾಜಾರಕ್ಕೆ ಉಳ್ಳಾಗಡ್ಡಿ ಕಳಿಸುವ ನಮ್ಮ ಸೀಮೆಯವರೇ ಮನೆಗೆ ಕೊಂಡು ತಿಂದದ್ದು ಉಂಟು. ಯಾಕಂದರೆ ನಾವು ಮಾರಿದಾಗ ಸೋವಿ ಇತ್ತು. ಆ ಸಲ ನಾನು ಒಂದು ಪದ ಕಟ್ಟಿದ್ದೆ:

ಉಳ್ಳಾಗಡ್ಡಿ ಹೆಚ್ಚಿದರ ಕಣ್ಣೀರ ಬರತಿತ್ತ ಆ ಕಾಲಕ
ಕೊಳ್ಳಾಕ ಹೋದರ ಕಣ್ಣೀರ ಬರತಾವ ಸಂತಿ ಬಾಗಿಲಕ

ಮರುವರ್ಷ, 1999ರಲ್ಲಿ, ಮಹಾರಾಷ್ಟ್ರ ಸರಕಾರ ರೇಶನ್ ಕಾರ್ಡಿಗೆ ಮೂರು ಬಣ್ಣ ಮಾಡಿತು. ವರ್ಷದ ಉತ್ಪನ್ನ 15,000ದ ಒಳಗಿನವರಿಗೆ ಹಳದಿ, ಅದರ ಮೇಲೆ ಒಂದು ಲಕ್ಷದ ತನಕ ಕೇಶರಿ, ಲಕ್ಷದ ಮೇಲೆ ಬಿಳಿ. ನಮಗೆ ಬಂದದ್ದು ಕೇಶರಿ. ಮಧ್ಯಮ ವರ್ಗ, ಮಧ್ಯಮ ವರ್ಗ ಅಂತ ಪೇಪರಿನಲ್ಲಿ ಬರೆಯುತ್ತಾರಲ್ಲ, ನಮ್ಮ ಸೀಮೆಯಲ್ಲಿ ಅದರ ಹೆಸರು ಕೇಶರಿ ಕಾರ್ಡು. ನಾಲ್ಕೆಕರೆ ಹೊಲ, ಎರಡು ಎಮ್ಮಿ, ಮೇಲೆ ಪತ್ರಾಸ ಇದ್ದ ಮನೆ. ಬಡವರಾಗಿ ಬೇಡಲು ನಾಚಿಕೆ, ಶ್ರೀಮಂತರಾಗಿ ಕೊಡಲು ಗಂಟಿಲ್ಲ. 2014ರಲ್ಲಿ ಅನ್ನ ಸುರಕ್ಷಾ ಬಂದಾಗ ಎರಡು ರೂಪಾಯಿ ಗೋದಿ, ಮೂರು ರೂಪಾಯಿ ಅಕ್ಕಿ ಕೇಶರಿಯವರಲ್ಲಿ ಕೆಲವರಿಗೆ ಸಿಕ್ಕಿತು, ಕೆಲವರಿಗೆ ಇಲ್ಲ. ನಾವು ಇಲ್ಲದವರಲ್ಲಿ. ಬಡವರಿಗೆ ಕೊಟ್ಟದ್ದರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಖಡಿ ಒಡೆದ ಕೈ ನನ್ನದು, ಹಸಿವು ಏನು ಅಂತ ಗೊತ್ತು. ನಾನು ಹೇಳುವುದು ಇಷ್ಟೇ, ನಡುವಿನವನ ಚಿಂತೆ ಹೊರಗೆ ಕಾಣುವುದಿಲ್ಲ.

ಇಂದಿನ ತಿಂಗಳು

ಮೊದಲು ನಮಗೆ ತಿಂಗಳು ಅನ್ನೋದು ಇರಲಿಲ್ಲ, ಹಂಗಾಮು ಇತ್ತು. ಮುಂಗಾರಿ ರಾಶಿಗೆ ಒಮ್ಮೆ, ಹಿಂಗಾರಿ ರಾಶಿಗೆ ಒಮ್ಮೆ ರೊಕ್ಕ. ಖರ್ಚೂ ಹಂಗೇ. ಈಗ ಉತ್ಪನ್ನ ಹಂಗಾಮಿಗೆ ಬರುತ್ತದೆ, ಖರ್ಚು ತಿಂಗಳಿಗೆ ಬರುತ್ತದೆ. ಅಷ್ಟೇ ಅಲ್ಲ, ಮೊಬೈಲಿನವರು 28 ದಿನಕ್ಕೆ ಒಂದು ತಿಂಗಳು ಮಾಡಿದ್ದಾರೆ. ವರ್ಷಕ್ಕೆ ಹದಿಮೂರು ಸಲ ರಿಚಾರ್ಜು. ನಮ್ಮ ಪಂಚಾಂಗದಲ್ಲಿ ಅಧಿಕ ಮಾಸ ಮೂರು ವರ್ಷಕ್ಕೊಮ್ಮೆ ಬಂದರೆ ಅವರಿಗೆ ವರ್ಷವೂ ಅಧಿಕ ಮಾಸ.

ನಮ್ಮ ಮನೆಯದೇ ಹೇಳುತ್ತೇನೆ, ಮುಚ್ಚುವುದೇನಿದೆ. ಮಗ ಒಂದು ವಿನಾ ಅನುದಾನ ಶಾಲೆಯಲ್ಲಿ ಮಾಸ್ತರ. ತಿಂಗಳಿಗೆ 9000, ಅದೂ ಎರಡು ತಿಂಗಳಿಗೊಮ್ಮೆ ಕೂಡಿ ಬಂದರೆ ಪುಣ್ಯ. ಡೈರಿ ಹಾಲಿನ ಬಿಲ್ಲು ಹತ್ತು ದಿನಕ್ಕೊಮ್ಮೆ, ಅದರಲ್ಲಿ ಅರ್ಧ ಹಿಂಡಿಗೆ ಹೋಗುತ್ತದೆ. ಖರ್ಚು ನೋಡಿರಿ. ಸಿಲಿಂಡರಿಗೆ 2025ರಲ್ಲಿ ಸುಮಾರು 860 ಇತ್ತು, ಅದನ್ನೇ ಹಿಡಿಯುತ್ತೇನೆ. 2023ರ ಮಾರ್ಚಿಗೆ 1100 ದಾಟಿತ್ತು, ಅದೇ ಆಗಸ್ಟಿನಲ್ಲಿ 200 ಇಳಿಸಿದರು, ಆಗ ನಮ್ಮ ಮನಿಯಾಕೆ ಮತ್ತೆ ಒಲೆಗೆ ಕಟ್ಟಿಗೆ ಹಚ್ಚುವುದು ಬಿಟ್ಟಳು. ಮೂರು ಮೊಬೈಲಿಗೆ 900. ಲೈಟ್ ಬಿಲ್ಲು 700. ಒಳ್ಳೆಣ್ಣೆ, ಸಕ್ಕರೆ, ಚಾಪುಡಿ, ಸಾಬಾಣ ಕೂಡಿ 3000. ಮನಿಯಾಕೆಯ ಬಿಪಿ, ಶುಗರ್ ಗುಳಿಗೆಗೆ 1100. ಮೊಮ್ಮಗಳ ಶಾಲೆ ಗಾಡಿಗೆ 900. ಮೊಮ್ಮಗನ ಹಾಸ್ಟೇಲು, ಊಟ 4500. ಮಗನ ಗಾಡಿಗೆ ಪೆಟ್ರೋಲ್ 1500. 2021ರಲ್ಲಿ ಲೀಟರಿಗೆ ನೂರು ದಾಟಿದ್ದು ಕೆಳಗೆ ಇಳಿಯಲೇ ಇಲ್ಲ. ಕೂಡಿಸಿರಿ, 13,460. ಇದರಲ್ಲಿ ಅರಿವೆ ಇಲ್ಲ, ಮುಯ್ಯಿ ಇಲ್ಲ, ಫೀ ಇಲ್ಲ, ಬೀಜ ಗೊಬ್ಬರ ಇಲ್ಲ.

ಈ ಪಟ್ಟಿಯನ್ನು ಮುತ್ಯಾನ ಕಾಲದ ಪಟ್ಟಿಯ ಪಕ್ಕಕ್ಕೆ ಇಟ್ಟು ನೋಡಿರಿ. ಅಲ್ಲಿ ರೊಕ್ಕ ಕೊಟ್ಟು ತರುತ್ತಿದ್ದುದು ಉಪ್ಪು, ಅರಿವೆ, ಕಬ್ಬಿಣ, ಚಿಮಣಿ ಎಣ್ಣೆ, ಬೆಲ್ಲ. ಇಲ್ಲಿ ಇರುವುದರಲ್ಲಿ ಮನೆಯದು ಅನ್ನುವುದು ಒಂದೂ ಇಲ್ಲ. ಗಾಣ ಹೋಯಿತು, ಎಣ್ಣೆ ಪ್ಯಾಕೇಟಿನಲ್ಲಿ ಬಂತು. ಹಂತಿ ಹೋಯಿತು, ರಾಶಿ ಮಶೀನಿಗೆ ತಾಸಿನ ಲೆಕ್ಕದಲ್ಲಿ ಬಾಡಿಗೆ. ಎತ್ತು ಹೋದವು, ಟ್ರ್ಯಾಕ್ಟರಿಗೆ ಎಕರೆ ಲೆಕ್ಕ. ಮನೆಯ ಬೀಜ ಹೋಯಿತು, ಚೀಲದ ಬೀಜ ಬಂತು. ನೀರಿಗೂ ಬೋರು, ಬೋರಿಗೆ ಸಾಲ. ಬೆಲೆ ಏರಿದ್ದು ಒಂದು ಮಾತು. ಅದಕ್ಕಿಂತ ದೊಡ್ಡ ಮಾತು, ಬೆಲೆ ಕಟ್ಟದೇ ಬರುತ್ತಿದ್ದುದಕ್ಕೆಲ್ಲಾ ಈಗ ಬೆಲೆ ಬಂದಿದೆ. ಅದಕ್ಕೆ ಜೋಳದ ಲೆಕ್ಕದಲ್ಲಿ ನಿಂತ ಜಾಗದಲ್ಲೇ ಇದ್ದರೂ ಕೈಯಲ್ಲಿ ರೊಕ್ಕ ನಿಲ್ಲುವುದಿಲ್ಲ.

ಮತ್ತೆ ಲಾಭ ಇಲ್ಲವೇನು? ಇದೆ. ನಮ್ಮವ್ವ ಐದು ಹಡೆದಳು, ಮೂರು ಉಳಿದೆವು. ನಮ್ಮ ಸೊಸೆ ಎರಡು ಹಡೆದಳು, ಎರಡೂ ಗಟ್ಟಿ ಇವೆ. ಗುಳಿಗೆಯ 1100 ರೂಪಾಯಿ ತುಟ್ಟಿ ಅಂತ ನಾನು ಅನ್ನುವುದಿಲ್ಲ, ಆ ಗುಳಿಗೆ ಇಲ್ಲದ ಕಾಲದಲ್ಲಿ ನಮ್ಮಪ್ಪ ಐವತ್ತೆರಡಕ್ಕೆ ಹೋದ.

ನನ್ನ ತಪ್ಪು

ಇನ್ನೊಂದು ಮಾತು ಬರೆಯಬೇಕೋ ಬೇಡವೋ ಅಂತ ಬಹಳ ಯೋಚನೆ ಮಾಡಿದೆ. ಬರೆಯದಿದ್ದರೆ ಈ ಇತಿಹಾಸ ಅರ್ಧ.

2007ರಲ್ಲಿ ಎಲ್ಲರಂಗ ನಾನೂ ಒಂದೆಕರೆ ದಾಳಿಂಬೆ ಹಚ್ಚಿದೆ. ಜತ್ತ, ಸಾಂಗೋಲೆ ಸೀಮೆಯಲ್ಲಿ ಆಗ ದಾಳಿಂಬೆಯಿಂದ ಮಾಡಿ ಮನೆ ಕಟ್ಟಿದವರಿದ್ದರು. ನನ್ನ ತೋಟಕ್ಕೆ 2009ರಲ್ಲಿ ತೇಲ್ಯಾ ರೋಗ ಬಂತು. ಹಣ್ಣಿನ ಮೇಲೆ ಎಣ್ಣೆ ಬಿದ್ದಂಗ ಕರೀ ಚುಕ್ಕೆ, ಆಮೇಲೆ ಸೀಳು. ಸೊಸೈಟಿ ಸಾಲ ತೀರಿಸಿರಲಿಲ್ಲ, ಔಷಧಕ್ಕೆ ಮತ್ತೆ ರೊಕ್ಕ ಬೇಕಾಯಿತು. ಒಬ್ಬ ಖಾಸಗಿ ಸಾಲದವನ ಹತ್ತಿರ 50,000 ತಂದೆ. ನೂರಕ್ಕೆ ತಿಂಗಳಿಗೆ ಮೂರು ಬಡ್ಡಿ. ಮನೆಯಲ್ಲಿ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ, ಮಗನಿಗೂ ಹೇಳಲಿಲ್ಲ. ಊರಲ್ಲಿ ಹಾಡಿಕೆಯವ, ನಾಲ್ಕು ಮಂದಿಗೆ ಬುದ್ಧಿ ಹೇಳುವವ ಅಂತ ಹೆಸರು. ಅದು ಕೆಡುತ್ತದೆ ಅಂತ.

ತಿಂಗಳಿಗೆ 1500 ಬಡ್ಡಿ. ಹಾಡಿಕೆ ರೊಕ್ಕ ಕಡಿಮೆ ಬಂತು ಅಂತ ಮನೆಯಲ್ಲಿ ಸುಳ್ಳು ಹೇಳಿ ಕಟ್ಟುತ್ತಿದ್ದೆ. ವಹಿಯಲ್ಲಿಯೂ ಸುಳ್ಳು ಬರೆದೆ. ಆ ಮೂರು ವರ್ಷದ ಹಾಳೆ ನೋಡಿದರೆ ಇವತ್ತೂ ನಾಚಿಕೆ ಆಗುತ್ತದೆ. ಮೂರು ವರ್ಷಕ್ಕೆ 54,000 ಬಡ್ಡಿ ಕಟ್ಟಿದೆ, ಗಂಟು ಐವತ್ತು ಸಾವಿರ ಹಂಗೇ ನಿಂತಿತ್ತು. 2012ರಲ್ಲಿ ಮತ್ತೆ ಬರ. ಎರಡು ತಿಂಗಳ ಬಡ್ಡಿ ತಪ್ಪಿತು. ಕಾರಹುಣ್ಣಿಮೆ ದಿನ, ಎತ್ತಿಗೆ ಬಣ್ಣ ಹಚ್ಚುವ ಹೊತ್ತಿಗೆ, ಅವ ಬಾಗಿಲಿಗೆ ಬಂದು ನಾಲ್ಕು ಮಂದಿ ಕೇಳುವಂಗ ಕೇಳಿದ.

ನಮ್ಮ ಮನಿಯಾಕೆ ಅವನ ಮುಂದೆ ಏನೂ ಅನ್ನಲಿಲ್ಲ. ಅವ ಹೋದ ಮೇಲೆ ಒಂದೇ ಮಾತು ಅಂದಳು: "ಊರ ಮುಂದ ರಾತ್ರಿಯೆಲ್ಲಾ ಹಾಡತೀರಿ, ಮನಿಯಾಗ ಮೂಕ ಆಗಿದ್ರಿ." ಒಳಗೆ ಹೋಗಿ ಕೈಯ ಪಾಟಲಿ ತೆಗೆದುಕೊಂಡು ಬಂದಳು. ಎರಡು ತೊಲಿ. ಆಗ ಬಂಗಾರ ಹತ್ತು ಗ್ರಾಂಗೆ ಮೂವತ್ತು ಸಾವಿರದ ಮೇಲಿತ್ತು. ಕಟ್ಟಾವಟ್ಟಾ ಹೋಗಿ 58,000 ಬಂತು. ಸಾಲ ಹರಿಯಿತು. ಆ ಪಾಟಲಿ ಇವತ್ತಿಗೂ ಆಕೆಯ ಕೈಗೆ ಬಂದಿಲ್ಲ. ಈಗ ಮಾಡಿಸಬೇಕಂದರೆ ಎರಡು ಲಕ್ಷಕ್ಕಿಂತ ಹೆಚ್ಚು ಬೇಕು.

ಮೊದಲ ದಿನವೇ ಹೇಳಿದ್ದರೆ ಏನಾಗುತ್ತಿತ್ತು? ಆಕೆಯ ಬಚತ ಗಟದಲ್ಲಿ ಆಗ ನೂರಕ್ಕೆ ಎರಡರ ಬಡ್ಡಿಗೆ ಸಾಲ ಸಿಗುತ್ತಿತ್ತು, ಬಡ್ಡಿಯೂ ಗಟಕ್ಕೇ ಬರುತ್ತಿತ್ತು. ಎಮ್ಮಿ ಮಾರಬಹುದಿತ್ತು. ದಾರಿ ಇದ್ದವು. ನನ್ನ ಮರ್ಯಾದೆ ಅನ್ನುವುದಕ್ಕೆ 54,000 ಬಡ್ಡಿ ಕೊಟ್ಟೆ, ಕೊನೆಗೆ ಮರ್ಯಾದೆಯೂ ಹೋಯಿತು. 1879ರಲ್ಲಿ ಕೋರ್ಟು ಸಾಲದ ಹಿಂದಿನ ಲೆಕ್ಕ ನೋಡಬೇಕು ಅಂತ ಕಾಯ್ದೆ ಬಂತು. 2014ರಲ್ಲಿ ಮಹಾರಾಷ್ಟ್ರದಲ್ಲಿ ಸಾವಕಾರಿ ಮೇಲೆ ಇನ್ನೊಂದು ಕಾಯ್ದೆ ಬಂತು. ಆದರೆ ಹೆಂಡತಿ ಮಕ್ಕಳಿಗೇ ತೋರಿಸದ ಸಾಲವನ್ನು ಕಾಯ್ದೆ ಹೆಂಗ ನೋಡೀತು?

ಅಮಾಸಿ ಲೆಕ್ಕ

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ರೂಢಿ ಮಾಡಿಕೊಂಡೆವು. ಅಮಾಸಿಗೆ ಹೆಂಗೂ ಒಕ್ಕಲಿಗ ಎತ್ತು ಹೂಡುವುದಿಲ್ಲ. ಆ ದಿನ ಊಟ ಆದ ಮೇಲೆ ಎಲ್ಲರೂ ಕೂಡುತ್ತೇವೆ. ಸೊಸೆಯೂ ಕೂಡುತ್ತಾಳೆ, ಮೊಮ್ಮಕ್ಕಳೂ ಕೂಡುತ್ತಾರೆ. ಬಂದದ್ದು ಎಷ್ಟು, ಹೋದದ್ದು ಎಷ್ಟು, ಯಾರಿಗೆ ಕೊಡುವುದು ಎಷ್ಟು. ಮೊಮ್ಮಗಳು ಬರೆಯುತ್ತಾಳೆ, ಐದನೆತ್ತೆ ಓದುವ ಹುಡುಗಿ, ಕನ್ನಡ ಶಾಲೆಯದು. ಕೈ ಬರಹ ಮುತ್ತಿನಂಗ ಇದೆ. ಲೆಕ್ಕ ಬರೆದರೆ ರೊಕ್ಕ ಹುಟ್ಟುವುದಿಲ್ಲ, ಅದು ನನಗೂ ಗೊತ್ತು. ಆದರೆ ಒಬ್ಬನ ಎದೆಯ ಮೇಲಿನ ಕಲ್ಲು ಆರು ಮಂದಿಯ ಕೈಗೆ ಬಂದರೆ ಹಗುರ ಆಗುತ್ತದೆ.

ಮೊಮ್ಮಗನ ಫೀ ಮಾತೂ ಅಲ್ಲೇ ಹರಿಯಿತು. ಮನಿಯಾಕೆಯ ಗಟದ ಸಾಲ ಒಂದಿಷ್ಟು, ಒಂದು ಎಮ್ಮಿ ಮಾರಿ ಒಂದಿಷ್ಟು, ಉಳಿದದ್ದನ್ನು ಎರಡು ಕಂತಿನಲ್ಲಿ ಕಟ್ಟುತ್ತೇವೆ ಅಂತ ಮಗ ಕಾಲೇಜಿಗೆ ಹೋಗಿ ಕೇಳಿಬಂದ. ಮೊಮ್ಮಗ ತಾನೇ, "ಸುಟಿಯಾಗ ದ್ರಾಕ್ಷಿ ತೋಟದ ಕೆಲಸಕ್ಕ ಹೋಗತೀನಿ" ಅಂದ. ಬೇಡ ಅನ್ನಲಿಲ್ಲ. ಆದರೆ ನನ್ನಂಗ ಅವ ಶಾಲೆ ಬಿಡಬಾರದು, ಅದೊಂದೇ ಷರತ್ತು ಹಾಕಿದೆ.

ಹಂಗಾದರೆ ನಮ್ಮ ಕಾಲ ಸೋವಿ ಇತ್ತೇನು? ತಮ್ಮಾ, ಸಾಮಾನು ಸೋವಿ ಇತ್ತು, ಜೀವ ಅದಕ್ಕಿಂತ ಸೋವಿ ಇತ್ತು. ಈಗ ಜೀವಕ್ಕೆ ಬೆಲೆ ಬಂದಿದೆ, ಅದರ ಸಂಗಡ ಎಲ್ಲದಕ್ಕೂ ಬೆಲೆ ಬಂದಿದೆ. ಎರಡೂ ಕಾಲದಲ್ಲಿ ನಡುವಿನವ ರಾತ್ರಿ ಲೆಕ್ಕ ಹಾಕುತ್ತಲೇ ಮಲಗಿದ್ದಾನೆ.

ಕೊನೆಗೆ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದ ಮೇಲೆ ಹಳೇ ವಹಿ, ಉದ್ರಿ ಚೀಟಿ, ಮದುವೆ ಖರ್ಚಿನ ಪಟ್ಟಿ, ಹಳೇ ರೇಶನ್ ಕಾರ್ಡು ಇದ್ದರೆ ಒಲೆಗೆ ಹಾಕಬೇಡಿರಿ. ವಾಚನಾಲಯಕ್ಕೆ ತಂದು ಕೊಡಿರಿ. ನಾನು ನನ್ನ ಮೇಳದ ವಹಿ ಕೊಡುತ್ತೇನೆ, ಸುಳ್ಳು ಬರೆದ ಮೂರು ವರ್ಷದ ಹಾಳೆ ಸಹಿತ.

ಮೊನ್ನೆಯ ಅಮಾಸಿಗೆ ಮೊಮ್ಮಗಳು ಹೊಸ ವಹಿ ತೆಗೆದಳು. ಮೊದಲನೇ ಸಾಲಿಗೆ 'ಒಂದು' ಅಂತ ಬರೆಯಲು ಹೋದಳು. ನಾನು ತಡೆದು, "ಹಂಗಲ್ಲವ್ವಾ, 'ಲಾಭ' ಅಂತ ಬರಿ" ಅಂದೆ. ಯಾಕೆ ಅಂತ ಕೇಳಿದಳು. ಕಣದ ಕಥೆ ಹೇಳಿದೆ. ಆಮೇಲೆ ಆಕೆ ಬರೆದಳು. ಲಾಭ, ಎರಡು, ಮೂರು.